ಮಳೆಗೆ ನೆನೆಯದ ಕಾಗದ

ನಾವು ಆಯಿ ಎಂದು ಕರೆಯುತ್ತಿದ್ದ ಮುದುಕಿಯ ಜಗಲಿಯ ಮೇಲೆ ಕೂತಿದ್ದಾಗ ನಾನು ಒಂದು ಮಾತು ಆಡಬೇಕಿತ್ತು. "ಕಾಗದ ಮಳೆಗೆ ನೆನೆದಿಲ್ಲ, ನಾನೇ ನೀರಿಗೆ ಹಾಕಿದೆ" ಎಂದಿದ್ದರೆ ಸಾಕಿತ್ತು. ಆಡಲಿಲ್ಲ. ನನ್ನ ತಂಗಿ ಪಕ್ಕದಲ್ಲೇ ಕೂತು, ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ಸುಳ್ಳು ಹೇಳುತ್ತಿದ್ದಳು. ನಾನು ಅಂಗಳದಲ್ಲಿ ಕೆದರುತ್ತಿದ್ದ ಕೋಳಿಗಳನ್ನು ನೋಡುತ್ತ ಕೂತಿದ್ದೆ. ಆಮೇಲೂ ಬೇಕಾದಷ್ಟು ಸಮಯವಿತ್ತು. ಆಯಿ ಬದುಕಿರುವ ತನಕ ನಾನು ಬಾಯಿ ಬಿಡಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟೆ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ದಾಂಡೇಲಿಯ ಕಾಗದದ ಮಿಲ್ಲಿಗೆ ಕೆಲಸಕ್ಕೆಂದು ಬಂದವನು. ಅವನು ಹಾಸಿಗೆ ಹಿಡಿದ ವರ್ಷ ನಾನು ಗುತ್ತಿಗೆದಾರನ ಕೈಕೆಳಗೆ ಅದೇ ಮಿಲ್ಲಿನೊಳಗೆ ಹೋದೆ. ಅಪ್ಪ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ಸಾಲುಮನೆಗಳ ಒಂದು ಚಾಳಿಗೆ ಬಂದೆವು. ಅವ್ವ, ನಾನು, ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ.

ಮಿಲ್ಲಿನಲ್ಲಿ ನನ್ನ ಕೆಲಸ ಕೆಟ್ಟ ಕಾಗದದ್ದು. ಯಂತ್ರದಲ್ಲಿ ಹರಿದದ್ದು, ಸುಕ್ಕು ಬಿದ್ದದ್ದು, ಅಂಚು ಕತ್ತರಿಸಿ ಉಳಿದದ್ದು ಎಲ್ಲವನ್ನೂ ಎಳೆದು ತಂದು ಪಲ್ಪರ್‌ಗೆ ಹಾಕಬೇಕು. ಪಲ್ಪರ್ ಎಂದರೆ ಬಾವಿಯಷ್ಟು ಅಗಲದ ಒಂದು ತೊಟ್ಟಿ. ತಳದಲ್ಲಿ ಚಕ್ರ ತಿರುಗುತ್ತದೆ, ಮೇಲೆ ನೀರು ಸುಳಿಯುತ್ತದೆ. ಹಾಕಿದ ಕಾಗದ ಒಂದು ಕಪ್ ಚಹಾ ಕುಡಿಯುವುದರೊಳಗೆ ಅಂಬಲಿಯಾಗುತ್ತದೆ. ಆ ಅಂಬಲಿ ಮತ್ತೆ ಯಂತ್ರಕ್ಕೆ ಹೋಗಿ ಹೊಸ ಕಾಗದವಾಗಿ ಬರುತ್ತದೆ. ಕಾಗದವನ್ನು ಸುಡುವುದು ಮಿಲ್ಲಿನ ಜನಕ್ಕೆ ತಿಳಿಯದ ಸಂಗತಿ. ಬೇಡದ ಕಾಗದ ಎಂದರೆ ನಮ್ಮ ಕೈ ತಾನಾಗಿಯೇ ನೀರಿನ ಕಡೆ ಹೋಗುತ್ತದೆ.

ತಂಗಿ ಓದಿದಳು. ಧಾರವಾಡದಲ್ಲಿ ವಕೀಲಿಕೆ ಓದಿ, ಅದರ ಮೇಲಿನ ಪದವಿಗೂ ಸೇರಿದಳು. ಅದಕ್ಕೆ ಒಂದು ವಿಷಯ ಹಿಡಿದು ದೊಡ್ಡ ಪ್ರಬಂಧ ಬರೆಯಬೇಕಂತೆ. ಅವಳು ಹಿಡಿದದ್ದು ದೇಶದ ಭದ್ರತೆಗೆಂದು ಮಾಡಿದ ಕಾಯ್ದೆಗಳನ್ನು. ಆ ಕಾಯ್ದೆಗಳ ಮುಂದೆ ಸಂವಿಧಾನ ಕೊಟ್ಟ ಹಕ್ಕುಗಳ ಗತಿ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ವಾರದ ಕೊನೆಗೆ ಮನೆಗೆ ಬಂದಾಗ ಊಟಕ್ಕೆ ಕೂತು ನನಗೆ ತಿಳಿಸಿ ಹೇಳಲು ನೋಡುತ್ತಿದ್ದಳು.

"ಅಣ್ಣಾ, ನಿಮ್ಮ ಮಿಲ್ಲಿನ ಗೇಟಿನ್ಯಾಗ ಚೀಲ ಯಾವಾಗ ತಪಾಸ ಮಾಡ್ತಾರ?"

"ಹೊರಗ ಬರೂ ಮುಂದ."

"ಒಳಗ ಹೋಗೂ ಮುಂದ?"

"ಒಳಗ ಹೋಗೂ ಮುಂದ ಯಾಕ ಮಾಡ್ತಾರ? ಒಳಗ ಏನ್ ಒಯ್ತೇವಿ, ರೊಟ್ಟಿ, ಶೇಂಗಾ ಹಿಂಡಿ."

"ಈ ಕಾಯ್ದೆನೂ ಹಂಗ ನೋಡು. ಒಳಗ ಹಾಕೂ ಮುಂದ ಯಾರೂ ಭಾಳ ಕೇಳೂದಿಲ್ಲ. ಹೊರಗ ಬಿಡೂ ಮುಂದ ಎಲ್ಲಾ ತಪಾಸ."

"ಉಣ್ಣೂ ಮುಂದ ಜೈಲಿನ ಮಾತು ಬ್ಯಾಡ" ಎಂದು ಅವ್ವ ನಡುವೆ ಬಾಯಿ ಹಾಕಿದಳು. "ಸಾರು ಆರತೈತಿ."

ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಬೇರೆ ಅಪರಾಧವಾದರೆ ಜಾಮೀನು ಕೊಡುವುದು ವಾಡಿಕೆ, ಕೊಡದಿದ್ದರೆ ಕಾರಣ ಬೇಕು. ಈ ಕಾಯ್ದೆಯಲ್ಲಿ ಪೊಲೀಸರು ಬರೆದುಕೊಟ್ಟದ್ದು ಮೇಲ್ನೋಟಕ್ಕೆ ಖರೆ ಅನ್ನಿಸಿದರೂ ಸಾಕು, ನ್ಯಾಯಾಧೀಶರು ಬಿಡುವಂತಿಲ್ಲ. ನಿಜಕ್ಕೂ ಖರೆಯೋ ಸುಳ್ಳೋ ಎಂದು ಬಗೆದು ನೋಡುವುದು ವಿಚಾರಣೆಯಲ್ಲಿ. ಆ ವಿಚಾರಣೆ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ತಂಗಿ ನಗುತ್ತಿದ್ದಳು. ಇನ್ನೊಂದು ಕಾಯ್ದೆ ಇದೆ. ಅದರಲ್ಲಿ ಮನುಷ್ಯ ಏನನ್ನೂ ಮಾಡಿರಬೇಕಾಗಿಲ್ಲ, ಮುಂದೆ ಮಾಡಬಹುದು ಎಂದು ಅಧಿಕಾರಿಗೆ ಅನ್ನಿಸಿದರೂ ಒಳಗೆ ಇಡಬಹುದು. ಸಂವಿಧಾನದ ಇಪ್ಪತ್ತೆರಡನೆಯ ಕಲಮನ್ನು ಅವಳು ನನಗೆ ಎರಡು ಸಲ ಓದಿ ಹೇಳಿದ್ದಳು. "ಮ್ಯಾಲಿನ ಅರ್ಧದಾಗ ಕೊಡ್ತಾರ, ಕೆಳಗಿನ ಅರ್ಧದಾಗ ಕಸ್ಕೋತಾರ. ಒಂದ ಕಲಮಿನ್ಯಾಗ ಎರಡೂ" ಎಂದಿದ್ದಳು. ನಾನು ತಲೆ ಆಡಿಸಿದೆ. ಒಳಗೊಳಗೆ ಸಿಟ್ಟೂ ಇತ್ತು. ನಾನು ದಿನವಿಡೀ ಒದ್ದೆ ಕಾಗದ ಎಳೆಯುತ್ತೇನೆ, ಇವಳು ಒಣ ಕಾಗದದ ಮೇಲೆ ಊರಿಗಿಲ್ಲದ ಸಂಗತಿ ಬರೆಯುತ್ತ ಕೂರುತ್ತಾಳೆ ಅನ್ನಿಸುತ್ತಿತ್ತು. ಮಾಡಿದ್ದನ್ನೆಲ್ಲ ಹೆದರಿಕೆಯ ಮೇಲೆ ಹಾಕುವುದು ಸುಲಭ. ಈ ಸಿಟ್ಟನ್ನೂ ಹೇಳಿಬಿಡಬೇಕು.

ಅವಳಿಗೆ ತೀರ್ಪುಗಳನ್ನು ಓದಿದರೆ ಸಾಲಲಿಲ್ಲ. "ತೀರ್ಪಿನ್ಯಾಗ ಕಾಯ್ದೆ ಏನ್ ಹೇಳತೈತಿ ಅಂತ ಇರತೈತಿ. ಮನಿಗೆ ಏನ್ ಮಾಡತೈತಿ ಅಂತ ಎಲ್ಲೂ ಬರದಿಲ್ಲ" ಎನ್ನುತ್ತಿದ್ದಳು. ಅದನ್ನು ಬರೆಯಲು ಆ ಕಾಯ್ದೆಗಳಲ್ಲಿ ಒಳಗೆ ಹೋದವರ ಮನೆಗಳನ್ನು ಹುಡುಕಿಕೊಂಡು ಹೊರಟಳು. ಮುಂಡಗೋಡದ ಹತ್ತಿರದ ಒಬ್ಬನನ್ನು ಕಂಡು ಬಂದಳು. ಕೋರ್ಟು ಅವನನ್ನು ಬಿಟ್ಟಿತ್ತು, ಆದರೆ ಮೊದಲಿನ ಕೆಲಸಕ್ಕೆ ಯಾರೂ ಕರೆಯಲಿಲ್ಲವಂತೆ. ಮಾತಾಡುವಷ್ಟು ಹೊತ್ತೂ ಅವನು ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡೇ ಇದ್ದನಂತೆ. ಆಮೇಲೆ ಜೋಯಿಡಾ ಕಡೆಯ ಈ ಆಯಿಯ ಸುದ್ದಿ ಸಿಕ್ಕಿತು.

ಆಯಿಯ ಮನೆ ಕುಂಬಾರವಾಡದಿಂದ ಇನ್ನೂ ಒಳಗೆ. ಬಸ್ಸನ್ನು ನಂಬಿ ಹೋದರೆ ಆ ದಿನ ತಿರುಗಿ ಬರುವ ಖಾತ್ರಿ ಇಲ್ಲ. ರಜೆಯ ದಿನ ನಾನೇ ಮೋಟರ್‌ಸೈಕಲ್ ಮೇಲೆ ಕರೆದುಕೊಂಡು ಹೋಗುತ್ತಿದ್ದೆ. ಮನೆಯ ಮುಂದೆ ಒಂದು ತುಂಡು ಗದ್ದೆ, ಹಿಂದೆ ಕಾಡು. ಆಯಿ ಒಬ್ಬಳೇ. ಮಗ ಗೋವಾದಲ್ಲಿ ಟೆಂಪೋ ಓಡಿಸುತ್ತಿದ್ದ. ಬಾಡಿಗೆ ಖೋಲಿಯಲ್ಲಿ ಅವನ ಜೊತೆಗಿದ್ದವನನ್ನು ಹುಡುಕಿಕೊಂಡು ಪೊಲೀಸರು ಬಂದರು, ಇಬ್ಬರನ್ನೂ ಒಯ್ದರು. ನಾವು ಹೋಗುವ ಹೊತ್ತಿಗೆ ಮೂರು ಮಳೆಗಾಲ ಕಳೆದಿದ್ದವು. ಮಗ ಎಲ್ಲೋ ದೂರದ ಜೈಲಿನಲ್ಲಿದ್ದ. ಅವನು ಏನು ಮಾಡಿದ್ದ, ಮಾಡಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ತಂಗಿಯೂ ಗೊತ್ತಿದೆ ಎಂದು ಎಂದೂ ಹೇಳಲಿಲ್ಲ. ಅದನ್ನು ಹೇಳಬೇಕಾದ ಕೋರ್ಟೇ ಇನ್ನೂ ಶುರು ಮಾಡಿಲ್ಲ ಎಂಬುದೇ ಅವಳ ಮಾತಾಗಿತ್ತು.

ಮೊದಲೆರಡು ಸಲ ಆಯಿ ಬೆಲ್ಲ ನೀರು ಕೊಟ್ಟು ಕಳಿಸಿದಳು, ಅಷ್ಟೆ. ಮೂರನೆಯ ಸಲ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿ, ಕೊಂಕಣಿ ಕೂಡಿದ ಕನ್ನಡದಲ್ಲಿ, ಆ ಕಡೆ ಹುಡುಗಿಯರನ್ನು ಕರೆಯುವಂತೆ 'ಬಾಯ' ಎಂದು ಕರೆದು ಕೇಳಿದಳು.

"ಫೋನಿನ್ಯಾಗ ಹಿಡೀತಿ ಏನು ಬಾಯ?"

"ಇಲ್ಲ ಆಯಿ. ಕೈಲೆ ಬರ್ಕೋತೇನಿ."

"ಫೋಟೋ?"

"ಅದೂ ಇಲ್ಲ. ಬರದದ್ದರ ಫೋಟೋನೂ ತಗ್ಯೂದಿಲ್ಲ. ಆಣಿ."

ತಂಗಿ ತನ್ನ ಫೋನು ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಗಾಡಿಯ ಡಿಕ್ಕಿಯಲ್ಲಿ ಹಾಕಿ ಕೀಲಿ ಹಾಕಿದೆ. ಆಯಿ ಅದನ್ನು ಕಣ್ಣಾರೆ ನೋಡಿದ ಮೇಲೆ ಕೂತಳು. ಒಲೆಯ ಮೇಲಿನ ಅನ್ನ ಬೆಂದು, ಆರಿ, ತಣ್ಣಗಾದರೂ ಅವಳ ಮಾತು ಮುಗಿಯಲಿಲ್ಲ. ತಂಗಿ ಆಯಿಯ ಕೊಂಕಣಿ ಶಬ್ದಗಳನ್ನು ಹಾಗೆ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು.

ನಾನು ಅಂಗಳದಲ್ಲಿ ಕೂತು ಅರ್ಧಂಬರ್ಧ ಕೇಳಿದೆ. ಕಿವಿಗೆ ಬಿದ್ದದ್ದರಲ್ಲಿ ಎರಡು ಮಾತು ಉಳಿದಿವೆ. ಮಗ ಏನು ಮಾಡಿದ ಎಂದು ಆಯಿ ದೊಡ್ಡ ಊರಿನ ಕೋರ್ಟಿನಲ್ಲಿ ಕಂಡಕಂಡವರನ್ನು ಕೇಳಿದಳಂತೆ. "ಏನ್ ಮಾಡಿದ ಅಂತ ಕೇಳಿದ್ರ ಎಲ್ಲಾರೂ ನಂಬರ ಹೇಳ್ತಾರ ಬಾಯ. ಇಷ್ಟನೇ ಕಲಮು, ಅಷ್ಟನೇ ಕಲಮು. ನನ್ನ ಮಗ ನಂಬರ ಮಾಡ್ಯಾನೇನು?" ಎಂದಳು. ಇನ್ನೊಂದು ನಾಟಿಯ ಮಾತು. ಆ ಕಡೆ ನಾಟಿಗೆ ಕೂಲಿ ಕೊಡುವುದಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು ಬರಬೇಕು, ಮುಯ್ಯಿಗೆ ಮುಯ್ಯಿ. ಮಗನನ್ನು ಹಿಡಿದ ವರ್ಷ ಆಯಿಯನ್ನು ಯಾರೂ ನಾಟಿಗೆ ಕರೆಯಲಿಲ್ಲ. ಕರೆಯದಿದ್ದರೆ ತಾನಾದರೂ ಯಾರನ್ನು ಕರೆಯುವುದು? ಅಷ್ಟೂ ಗದ್ದೆಯನ್ನು ಒಬ್ಬಳೇ ನೆಟ್ಟಳಂತೆ. ಸಸಿ ಬಲಿತು ಹೋದವು. "ಮಂದಿ ಕೆಟ್ಟವರಲ್ಲ. ಅವರ ಮನ್ಯಾಗೂ ಗಂಡುಮಕ್ಕಳಿದ್ದಾರ" ಎಂದು ಆಯಿಯೇ ಅವರ ಪರ ಮಾತಾಡಿದಳು.

ಇದಕ್ಕಿಂತ ಹೆಚ್ಚು ನನಗೆ ನೆನಪಿಲ್ಲ. ಉಳಿದದ್ದೆಲ್ಲ ಕಾಗದದ ಮೇಲಿತ್ತು.

ಹೊರಡುವಾಗ ಆಯಿ ತಂಗಿಯ ಕೈ ಹಿಡಿದು, "ಒಮ್ಮೆ ಹೇಳಿದೆ. ಇನ್ನ ಹೇಳೂದಿಲ್ಲ. ಅದು ನಿನ್ನ ಕಡೆ ಇರ್ಲಿ, ನನ್ನ ಎದಿ ಹಗುರ ಆಗ್ಲಿ" ಎಂದಳು. ಗಾಡಿಯ ಮೇಲೆ ತಂಗಿ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಗಣೇಶಗುಡಿ ದಾಟಿದ ಮೇಲೆ ನನ್ನ ಬೆನ್ನಿಗೆ ಹೇಳಿದಳು. "ಇದೊಂದು ಬರದು ಮುಗಿಸಿದ್ರ ನಾ ಓದಿದ್ದು ಸಾರ್ಥಕ ಅಣ್ಣಾ." ಆ ಕಾಗದಗಳನ್ನು ಧಾರವಾಡಕ್ಕೆ ಒಯ್ಯದೆ ಕಟ್ಟು ಕಟ್ಟಿ ಮನೆಯ ಟ್ರಂಕಿನಲ್ಲಿ ಇಟ್ಟಳು, ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಕೆಲವು ತಿಂಗಳ ಮೇಲೆ, ತಂಗಿ ಧಾರವಾಡದಲ್ಲಿದ್ದಾಗ, ಒಬ್ಬ ಪೊಲೀಸು ನಮ್ಮ ಚಾಳಿಗೆ ಬಂದ. ಸಮವಸ್ತ್ರ ಇರಲಿಲ್ಲ. ಮೊದಲ ಪಾಳಿ ಮುಗಿಸಿ ಬಂದು ನಾನು ಕಾಲು ತೊಳೆಯುತ್ತಿದ್ದೆ. ಧಾರವಾಡ ಸೀಮೆಯವನೇ, ನಮ್ಮದೇ ಮಾತು. ಅವ್ವ ಚಹಾ ಕೊಟ್ಟಳು.

"ತಂಗಿ ಏನ್ ಓದತಾಳ್ರಿ?"

"ಲಾ ಓದತಾಳ್ರಿ. ದೊಡ್ಡದು."

"ಚಲೋ ಆತು. ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ದಾಟವಲ್ಲ" ಎಂದು ನಕ್ಕ. "ಜೋಯಿಡಾ ಕಡೆ ಹೋಗಿಬರ್ತಾಳಂತ?"

"ಹೋಗತಿರ್ತಾಳ್ರಿ. ಓದೂ ಕೆಲಸ."

"ಹೋಗಲಿ ಹೋಗಲಿ. ಸುಮ್ಮ ಕೇಳಿದ್ನಿ. ಮ್ಯಾಲಿಂದ ಕೇಳ್ಯಾರ, ನಾವೇನ್ ಮಾಡೂದು?" ಚಹಾದ ಲೋಟ ಕೆಳಗಿಟ್ಟು, "ಭಾಳ ಓದಿದ್ರ ಕಣ್ಣು ಹೋಗ್ತಾವಂತ ಹೇಳ್ರಿ ಆಕಿಗೆ" ಎಂದು ಮತ್ತೆ ನಕ್ಕು ಹೋದ.

ಇಷ್ಟೇ. ಗದರಲಿಲ್ಲ, ಏನನ್ನೂ ಮುಟ್ಟಲಿಲ್ಲ. ಆದರೆ ಅವನ ಗಾಡಿಯ ಸದ್ದು ಓಣಿಯ ತಿರುವು ದಾಟುವ ಮೊದಲೇ ಚಾಳಿನ ಮೂರು ಬಾಗಿಲುಗಳಲ್ಲಿ ತಲೆ ಕಾಣಿಸಿದವು. ಅವ್ವ ಒಲೆಯ ಮುಂದೆ ಕೂತುಬಿಟ್ಟಳು. "ಆಕಿ ಟ್ರಂಕಿನ್ಯಾಗ ಏನೇನೈತೋ ಯಾರಿಗೆ ಗೊತ್ತೋ ಯಪ್ಪಾ. ಆ ಮುದುಕಿ ಮಗನ ಹೆಸರೂ ಇರಬೇಕಲಾ ಅದರಾಗ?" ಎಂದಳು. ಇತ್ತು. ನನಗೆ ಮಿಲ್ಲಿನ ಗೇಟ್ ಪಾಸ್ ಕಣ್ಣ ಮುಂದೆ ಬಂತು. ಗುತ್ತಿಗೆಯವರ ಪಾಸ್ ರದ್ದಾಗಲು ಕಾರಣ ಬೇಕಿಲ್ಲ. ತಂಗಿ ಊಟದ ಹೊತ್ತಿಗೆ ಹೇಳಿದ ಮಾತೆಲ್ಲ ಆಗ ತಲೆಗೆ ಹತ್ತಿತು. ಕಾಗದದ ಮೇಲಿದ್ದದ್ದು ಮೇಲ್ನೋಟಕ್ಕೆ ಖರೆ ಅನ್ನಿಸಿದರೆ ಸಾಕು. ಅವಳು ನನಗೆ ತಿಳಿಯಲೆಂದು ಕಲಿಸಿದ್ದು ನನ್ನಲ್ಲಿ ಬರೀ ದಿಗಿಲಾಗಿ ಎದ್ದಿತು.

ಸುಡೋಣ ಎಂದಳು ಅವ್ವ. ಚಾಳಿನಲ್ಲಿ ಕಾಗದ ಸುಟ್ಟರೆ ಹತ್ತು ಮನೆಗೆ ಹೊಗೆ. ಪೊಲೀಸು ಬಂದು ಹೋದ ದಿನವೇ ಈ ಮನೆಯವರು ಏನು ಸುಡುತ್ತಿದ್ದಾರೆ ಎಂದು ಕೇಳುವವರೇ ಎಲ್ಲ. ನನಗೆ ಗೊತ್ತಿದ್ದ ದಾರಿ ಬೇರೆ ಇತ್ತು. ಗೇಟಿನಲ್ಲಿ ಒಳಗೆ ಹೋಗುವವನ ಚೀಲವನ್ನು ಯಾರೂ ನೋಡುವುದಿಲ್ಲ.

ಮರುದಿನದಿಂದ ಬುತ್ತಿಯ ಚೀಲದಲ್ಲಿ ಅವಳ ಕಟ್ಟುಗಳನ್ನು ಹಾಕಿಕೊಂಡು ಹೋದೆ. ಬುತ್ತಿ ಕೈಯಲ್ಲಿ, ಚೀಲದ ತುಂಬ ಕಾಗದ. ಕಾವಲುಗಾರ, "ಏನೋ, ಇವತ್ತ ಹೆಂಡ್ತಿ ಭಾಳ ರೊಟ್ಟಿ ಕಟ್ಯಾಳಲ್ಲೋ?" ಎಂದ. ಮದುವೆಯಾಗದವನನ್ನು ಹಾಗೆ ಕಾಡುವುದು ಅವನ ರೂಢಿ. ನಾನೂ ನಕ್ಕೆ.

ಪಲ್ಪರ್‌ನ ಹತ್ತಿರ ಬೆಳಗಿನ ಹೊತ್ತು ಮಂದಿ ಇರುತ್ತಾರೆ, ಆದರೆ ಯಾರೂ ಕಾಗದ ನೋಡುವುದಿಲ್ಲ. ಅಲ್ಲಿ ಇರುವುದೆಲ್ಲ ಕಾಗದವೇ. ನಾನು ಕೆಟ್ಟ ಹಾಳೆಗಳ ನಡುವೆ ಅವಳದನ್ನು ಸೇರಿಸಿ ತಳ್ಳಿದೆ. ಕಟ್ಟು ಬಿಚ್ಚಿಕೊಂಡು ಹಾಳೆಗಳು ಒಂದೊಂದಾಗಿ ಸುಳಿಯ ಮೇಲೆ ಬಂದವು. ತಂಗಿಯ ಅಕ್ಷರ ನನಗೆ ಗೊತ್ತು. ಅವಳು ಒಂದನೇ ಇಯತ್ತೆಯಲ್ಲಿದ್ದಾಗ ಕೈ ಹಿಡಿದು ತಿದ್ದಿಸಿದವನು ನಾನು. ನೀಲಿ ಸಾಲುಗಳು ಒಂದು ಸುತ್ತು ಹಾಗೇ ತಿರುಗಿದವು, ಎರಡನೆಯ ಸುತ್ತಿಗೆ ಅಕ್ಷರ ಹಿಗ್ಗಿದವು, ಆಮೇಲೆ ಬಿಳಿ. ಬೇರೆ ಕಡೆಯಿಂದ ಕರೆದರು, ಹೋದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಮನಸ್ಸು ಹಗುರಾಗಿತ್ತು.

ಶನಿವಾರ ತಂಗಿ ಬಂದಳು. ನಾನು ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಟ್ರಂಕಿನ ಮುಚ್ಚಳ ತೆರೆದಿತ್ತು. ಅವ್ವ ಸೆರಗು ಬಾಯಿಗಿಟ್ಟು ಮೂಲೆಯಲ್ಲಿ ನಿಂತಿದ್ದಳು.

"ಅಣ್ಣಾ, ಎಲ್ಲಿ ಇಟ್ಟಿ?"

"ಪೊಲೀಸ ಬಂದಿದ್ದ."

"ಅವ್ವ ಹೇಳಿದ್ಲು. ಅಂವ ಒಯ್ದನೇನು?"

"ಇಲ್ಲ."

"ಮತ್ತ?"

"ಪಲ್ಪರಿಗೆ ಹಾಕಿದ್ನಿ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಟ್ರಂಕಿನ ಪಕ್ಕ ನೆಲದ ಮೇಲೆ ಕೂತಳು. ಖಾಲಿ ಟ್ರಂಕಿನೊಳಗೆ ಕೈ ಆಡಿಸಿ, ತಳದಲ್ಲಿ ಹಾಸಿದ್ದ ಹಳೆಯ ಪೇಪರನ್ನು ಸರಿಮಾಡಿದಳು. ಆಮೇಲೆ ಮೆತ್ತಗೆ ಮಾತಾಡಿದಳು.

"ಪೊಲೀಸರು ಒಯ್ದಿದ್ರ ಪಂಚನಾಮಾ ಮಾಡ್ತಿದ್ರು. ಏನೇನ್ ತಗೊಂಡ್ರು ಅಂತ ಬರದು, ಇಬ್ಬರು ಪಂಚರ ಸಹಿ ಹಾಕಿಸ್ತಿದ್ರು. ನಾ ಕೋರ್ಟಿಗೆ ಹೋಗಿ ಕೇಳಬಹುದಿತ್ತು. ಹತ್ತು ವರ್ಷಕ್ಕರ ತಿರಗಿ ಸಿಗತಿತ್ತು. ನೀ ಒಯ್ದದ್ದಕ್ಕ ನಾ ಯಾವ ಕೋರ್ಟಿಗೆ ಹೋಗ್ಲಿ?"

"ನಿನ್ನ ಚಲೋಕ್ಕ ಮಾಡಿದ್ನಿ."

"ಅವರೂ ಹಂಗ ಅಂತಾರ. ದೇಶದ ಚಲೋಕ್ಕ ಅಂತ."

ಅವ್ವ, "ಅಣ್ಣಗ ಹಂಗ ಅನಬಾರದವ್ವಾ" ಎಂದಳು. ತಂಗಿ ಟ್ರಂಕಿನ ಮುಚ್ಚಳ ಹಾಕಿದಳು. ಅಂದು ಅವಳು ಹೇಳಿದ್ದನ್ನು ನಾನು ಸಾವಿರ ಸಲ ನೆನೆದಿದ್ದೇನೆ. ಅವಳು ವರ್ಷಗಟ್ಟಲೆ ಓದಿದ ಆ ಕಾಯ್ದೆ ನಮ್ಮ ಮನೆಯ ಹೊಸ್ತಿಲು ತುಳಿಯಲೇ ಇಲ್ಲ. ಅದು ಮಾಡಬಹುದಾದ ಕೆಲಸವನ್ನು ನಾನೇ ಮಾಡಿ ಕೈ ತೊಳೆದುಕೊಂಡಿದ್ದೆ.

ಪ್ರಬಂಧ ಒಪ್ಪಿಸಲು ಇನ್ನೂ ಸ್ವಲ್ಪ ಕಾಲವಿತ್ತು. ಮನೆಗಳ ಸಂಗತಿ ಬಿಟ್ಟುಬಿಡು, ತೀರ್ಪುಗಳ ಮೇಲೆಯೇ ಬರೆ ಎಂದು ಅವಳ ಮಾರ್ಗದರ್ಶಕರು ಹೇಳಿದರಂತೆ. ಅವಳು ಒಪ್ಪಲಿಲ್ಲ. ಮತ್ತೊಮ್ಮೆ ಕೇಳಿ ನೋಡುತ್ತೇನೆ ಎಂದು ಹಟ ಹಿಡಿದಳು. ಮುಂಡಗೋಡದವನು ಊರು ಬಿಟ್ಟಿದ್ದ, ಎಲ್ಲಿಗೆ ಹೋದ ಎಂದು ಯಾರೂ ಹೇಳಲಿಲ್ಲ. ಉಳಿದವಳು ಆಯಿ.

"ಬರ್ತಿ ಏನು, ಇಲ್ಲ ಬಸ್ಸಿಗೆ ಹೋಗ್ಲಿ?" ಎಂದು ತಂಗಿ ಕೇಳಿದಳು. ನಾನು ಗಾಡಿ ತೆಗೆದೆ. ಜೋಯಿಡಾದ ಮಳೆ ನಿಂತು ವಾರವಾಗಿತ್ತು, ರಸ್ತೆಯ ಮೇಲೆ ಇನ್ನೂ ನೀರು ಹರಿಯುತ್ತಿತ್ತು. ದಾರಿಯಲ್ಲಿ ನಾನು ಒಂದು ಮಾತು ಜೋಡಿಸಿಕೊಂಡೆ. ಆಯಿಯ ಮುಂದೆ ನಾನೇ ಹೇಳುತ್ತೇನೆ, ಅವಳ ಕಾಲಿಗೆ ಬೀಳುತ್ತೇನೆ ಎಂದು. ಪ್ರತಿ ತಿರುವಿನಲ್ಲೂ ಅದನ್ನೇ ಹೇಳಿಕೊಂಡೆ.

ಜಗಲಿಯ ಮೇಲೆ ಕೂತ ಮೇಲೆ ಆಯಿ, "ಬರದದ್ದು ಪುಸ್ತಕ ಆತೇನು ಬಾಯ?" ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಎದುರಿನ ಗದ್ದೆಯ ಬದುವಿನ ಮೇಲೆ ಇಬ್ಬರು ನಿಂತು ನಮ್ಮ ಗಾಡಿ ನೋಡುತ್ತಿದ್ದರು. ಪೊಲೀಸು ಬಂದಿದ್ದ ಎಂಬ ಮಾತು ಬಾಯಿಂದ ಬಂದರೆ ಇವರ ಕಿವಿಗೂ ಬೀಳುತ್ತದೆ ಅನ್ನಿಸಿತು. ಅಷ್ಟರೊಳಗೆ ತಂಗಿ ಹೇಳಿಬಿಟ್ಟಳು.

"ಮಳಿಗೆ ತೊಯ್ದು ಹೋತು ಆಯಿ. ಬಸ್‌ಸ್ಟ್ಯಾಂಡಿನ್ಯಾಗ ಚೀಲ ಇಟ್ಟಿದ್ನಿ. ನನ್ನ ತಪ್ಪು. ಒಂದಕ್ಷರಾನೂ ಉಳೀಲಿಲ್ಲ."

ಆಯಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕೋಳಿಗಳನ್ನು ನೋಡಿದೆ.

"ಪಾವ್ಸ" ಎಂದಳು ಆಯಿ. ಮಳೆಗೆ ಅವರ ಮಾತಿನಲ್ಲಿ ಹಾಗೆನ್ನುತ್ತಾರೆ. "ಈ ಕಡೆ ಪಾವ್ಸ ಹಂಗ. ಕಲ್ಲನ್ನೂ ಬಿಡೂದಿಲ್ಲ."

"ಇನ್ನೊಮ್ಮೆ..." ಎಂದು ತಂಗಿ ಶುರು ಮಾಡಿದಳು.

"ಬ್ಯಾಡ ಬಾಯ. ಅದೊಂದು ಕೇಳಬ್ಯಾಡ. ಆ ದಿನ ಹೇಳಿದ ಮ್ಯಾಲ ಎಂಟು ದಿನ ನಾ ಅನ್ನ ಉಂಡಿಲ್ಲ." ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಯೂರಿಯಾ ಗೊಬ್ಬರದ ಚೀಲವನ್ನು ತೊಳೆದು, ಅರ್ಧಕ್ಕೆ ಕತ್ತರಿಸಿ ಹೊಲಿದ ಒಂದು ಕೈಚೀಲವಿತ್ತು. ಮುರುಗಲ ಸಿಪ್ಪೆ ತುಂಬಿಡುತ್ತಿದ್ದದ್ದು, ಹುಳಿ ವಾಸನೆ ಬರುತ್ತಿತ್ತು. ತಂಗಿಯ ತೊಡೆಯ ಮೇಲೆ ಇಟ್ಟಳು. "ಬ್ಯಾರೆಯವರ ಮನಿಗೆ ಹೋಗತಿರ್ತಿ ಅಲ್ಲ, ಅವರದನ್ನರ ಇದರಾಗ ಹಾಕ್ಕೋ. ನೀರು ಹೋಗೂದಿಲ್ಲ."

ತಂಗಿ ಏಕೆ ಸುಳ್ಳು ಹೇಳಿದಳು ಎಂದು ನಾನು ಕೇಳಲಿಲ್ಲ. ನನ್ನನ್ನು ಉಳಿಸಲು ಇರಬೇಕು. ಪೊಲೀಸರು ಓದುವ ಹುಡುಗಿಯ ಮನೆಗೂ ಬರುತ್ತಾರೆ ಎಂದು ತಿಳಿದರೆ ಮುದುಕಿ ಇನ್ನಷ್ಟು ನಡುಗುತ್ತಾಳೆ ಎಂದೂ ಇರಬೇಕು. ಕಾರಣ ಏನೇ ಇರಲಿ, ಆಯಿಯ ಕಣ್ಣಿನಲ್ಲಿ ಅವಳು ಒಬ್ಬ ತಾಯಿಯ ಮಾತನ್ನು ಬಸ್‌ಸ್ಟ್ಯಾಂಡಿನಲ್ಲಿ ಮರೆತ ಹುಡುಗಿಯಾಗಿ ಉಳಿದಳು. ನಾನು ಗಾಡಿ ಓಡಿಸಿಕೊಂಡು ಬಂದ ಅಣ್ಣನಾಗಿ ಉಳಿದೆ. ಹೊರಡುವಾಗ ಆಯಿ ನನಗೆ, "ಹಳ್ಳ ನೋಡ್ಕೊಂಡು ಹೋಗಪಾ" ಎಂದಳು.

ಪ್ರಬಂಧ ಮುಗಿಯಲಿಲ್ಲ. ಕೊಟ್ಟ ಅವಧಿ ಮುಗಿಯಿತು. ತಂಗಿ ಧಾರವಾಡದ ಖೋಲಿ ಖಾಲಿ ಮಾಡಿದಳು, ದಾಂಡೇಲಿಗೂ ಬರಲಿಲ್ಲ. ಹಳಿಯಾಳದಲ್ಲಿ ಒಬ್ಬ ನೋಟರಿಯ ಕೈಕೆಳಗೆ ಸೇರಿದಳು. ತಹಶೀಲ್ದಾರ ಕಚೇರಿಯ ಎದುರಿಗೆ ತಗಡಿನ ಒಂದು ಅಂಗಡಿ. ಅಲ್ಲಿ ಕೂತು ಅಫಿಡವಿಟ್ ಟೈಪ್ ಮಾಡುತ್ತಾಳೆ. ಜಾತಿ ಪ್ರಮಾಣಪತ್ರಕ್ಕೆ, ಹೆಸರಿನ ತಿದ್ದುಪಡಿಗೆ, ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಳ್ಳುವ ವಾಟ್ನಿಗೆ. ವಕೀಲಿಯ ಸನದು ಅವಳ ಹತ್ತಿರ ಇದೆ, ಕೋಟು ಮಾತ್ರ ಹಾಕುವುದಿಲ್ಲ. ಹಬ್ಬಕ್ಕೆ ಮನೆಗೆ ಬರುತ್ತಾಳೆ, ಅವ್ವನ ಕಾಲು ಒತ್ತುತ್ತಾಳೆ. ನನಗೆ "ಊಟ ಆತೇನು?", "ಪಾಳಿ ಯಾವುದೈತಿ?" ಎಂದು ಕೇಳುತ್ತಾಳೆ. ಊಟಕ್ಕೆ ಕೂತಾಗ ಈಗ ಯಾವ ಕಾಯ್ದೆಯ ಮಾತೂ ಇಲ್ಲ. ಅವ್ವ ಅದಕ್ಕಾಗಿ ದೇವರಿಗೆ ಕೈ ಮುಗಿಯುತ್ತಾಳೆ.

ಆ ಪೊಲೀಸನನ್ನು ಒಮ್ಮೆ ದಾಂಡೇಲಿಯ ಚಹಾದಂಗಡಿಯಲ್ಲಿ ಕಂಡೆ. ಆ ದಿನ ನಮ್ಮ ಮನೆಗೆ ಏಕೆ ಬಂದಿದ್ದಿರಿ ಎಂದು ಧೈರ್ಯ ಮಾಡಿ ಕೇಳಿದೆ. ಅವನಿಗೆ ನನ್ನ ಗುರುತೇ ಸಿಗಲಿಲ್ಲ. ಚಾಳಿನ ಹೆಸರು ಹೇಳಿದ ಮೇಲೆ ಹಣೆ ಬಡಿದುಕೊಂಡ.

"ಹಾಂ, ಲಾ ಓದೂ ಹುಡುಗಿ! ಆಕಿ ಜೈಲಿನ್ಯಾಗ ಯಾರನ್ನೋ ಭೇಟಿ ಆಗಬೇಕಂತ ಅರ್ಜಿ ಹಾಕಿದ್ಲಲ್ರಿ. ವಿಳಾಸ ಖರೇನ ನೋಡಿ ಬಾ ಅಂದಿದ್ರು. ಖರೇ ಐತಿ ಅಂತ ಬರದು ಕಳಿಸಿದ್ನಿ. ಯಾಕ್ರಿ, ಪರವಾನಗಿ ಸಿಗಲಿಲ್ಲೇನು?"

ಅವನ ಮಾತು ಅಷ್ಟಕ್ಕೇ ಅಷ್ಟೆಯೋ, ಅದರ ಹಿಂದೆ ಇನ್ನೇನಾದರೂ ಇತ್ತೋ, ನನಗೆ ಇವತ್ತಿಗೂ ತಿಳಿಯದು. ತಿಳಿಯದಿದ್ದಾಗ ಹೆದರುವುದೇ ಜಾಣತನ ಎಂದು ನಾನು ಬದುಕಿದ್ದೆ. ಆಯಿಯ ಮಗನನ್ನು ಕಾಣಲೆಂದೇ ಇರಬೇಕು, ಅರ್ಜಿ ಹಾಕಿದ ವಿಷಯ ತಂಗಿ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಹೆದರುತ್ತಿದ್ದೆ.

ಈ ಸಲ ಕಬ್ಬಿನ ಹಂಗಾಮಿನಲ್ಲಿ ಅವ್ವ ರೊಟ್ಟಿ ಕಟ್ಟಿ, "ತಂಗಿಗೆ ಕೊಟ್ಟು ಬಾ" ಎಂದು ಹಳಿಯಾಳಕ್ಕೆ ಕಳಿಸಿದಳು. ಮಧ್ಯಾಹ್ನದ ಹೊತ್ತು. ಅಂಗಡಿಯ ಬೆಂಚಿನ ಮೇಲೆ ಮೂರು ನಾಲ್ಕು ಮಂದಿ ರೈತರು ಕಾಯುತ್ತಿದ್ದರು. ತಂಗಿ ತಲೆ ಎತ್ತದೆ ಟೈಪ್ ಮಾಡುತ್ತಿದ್ದಳು. ಅವಳ ಹಿಂದೆ ಗೋಡೆಯ ಮೊಳೆಗೆ ಆ ಯೂರಿಯಾ ಚೀಲ ತೂಗುತ್ತಿತ್ತು. ಖಾಲಿ, ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಕೂಡು ಅಣ್ಣಾ. ಇದೊಂದು ಮುಗಸ್ತೇನಿ" ಎಂದಳು. ಕೀಲಿಗಳ ಮೇಲಿನ ಕೈ ನಿಲ್ಲಿಸದೆಯೇ ಹೇಳಿದಳು. "ಆಯಿ ಹೋದ್ಲು."

"ಯಾವಾಗ?"

"ದೀಪಾವಳಿ ಮುಂದ. ನಾ ಹೋಗಿದ್ನಿ. ಮಗನ್ನ ಕರಕೊಂಡು ಬರತಾರೇನೋ ಅಂತ ಕಾದ್ರು. ಪರವಾನಗಿ ಕಾಗದ ಬರೂದ್ರಾಗ ಮಣ್ಣ ಆಗಿಹೋತು." ಸ್ವಲ್ಪ ಹೊತ್ತು ಟೈಪ್ ಮಾಡಿದಳು. "ಕಡೀಕ ನಾ ಹೋದಾಗೆಲ್ಲ ಒಂದ ಕೇಳತಿದ್ಲು. ಈಗ ಕಾಗದ ಜ್ವಾಕಿ ಇಡ್ತಿ ಅಲ್ಲ ಬಾಯ, ಮಳ್ಯಾಗ ಬಿಡೂದಿಲ್ಲ ಅಲ್ಲ ಅಂತ. ನಾ ಹೂಂ ಅಂತಿದ್ನಿ."

ಅವಳು ಅಲ್ಲಿಗೆ ಹೋಗುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಬಸ್ಸಿಗೆ, ಒಬ್ಬಳೇ, ಬರೆಯಲು ಏನೂ ಇಲ್ಲದೆ, ಆ ಬೈಗುಳವಲ್ಲದ ಬೈಗುಳ ಕೇಳಿ ಬರಲು.

ಬೆಂಚಿನ ಮೇಲಿದ್ದ ಒಬ್ಬ ಹಿರಿಯ, "ಅಕ್ಕಾರ, ನಮ್ಮ ಸರ್ವೆ ನಂಬರ ಬರದ್ರೇನ್ರಿ?" ಎಂದು ಕೇಳಿದ. ಅವಳು "ಬರದೇನ್ರಿ ಯಜ್ಜಾ" ಎಂದಳು. ನಾನು ರೊಟ್ಟಿಯ ಗಂಟನ್ನು ಅವಳ ಮೇಜಿನ ಮೇಲಿಟ್ಟೆ. ಎದ್ದು ಹೋಗಬಹುದಿತ್ತು. ನಾನು ಯಾವಾಗಲೂ ಹಾಗೇ ಎದ್ದು ಹೋದವನು. ಆಯಿಗೆ ಹೇಳುವ ದಾರಿ ಮುಚ್ಚಿಹೋಗಿತ್ತು. ಹೇಳಿದರೆ ನೀರಿಗೆ ಹೋದದ್ದು ಬರುವುದಿಲ್ಲ, ಮಗ ಹೊರಗೆ ಬರುವುದಿಲ್ಲ, ಇವಳ ಪ್ರಬಂಧವೂ ಬರುವುದಿಲ್ಲ. ಇದೆಲ್ಲ ಗೊತ್ತಿದ್ದೂ ಬಾಯಿ ತೆರೆದೆ. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾಡು ಜೋರಾಗಿ ಹಾಕಿಕೊಂಡು ಎದುರಿಗೆ ಬಂತು. ನನ್ನ ಮಾತು ಅದರಲ್ಲಿ ಮುಳುಗಿತು.

"ಏನಂದಿ?" ಎಂದು ತಂಗಿ ಕೇಳಿದಳು. ಕೈ ನಿಲ್ಲಿಸಿದ್ದಳು.

ಟ್ರ್ಯಾಕ್ಟರ್ ಮುಂದೆ ಹೋಗುವ ತನಕ ಕಾಯಲಿಲ್ಲ. ಬೆಂಚಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.

"ಅದು ಮಳಿ ಅಲ್ಲ, ನಾ ಹಾಕಿದ್ದು. ಆಯಿ ಮುಂದ ನಾ ಹೇಳಬೇಕಾಗಿತ್ತು, ನಿನ್ನ ತಲಿ ಮ್ಯಾಲ ಬಿಟ್ಟು ಸುಮ್ಮ ಕುಂತ್ನಿ. ತಪ್ಪಾತು ತಂಗಿ. ನಂದು ತಪ್ಪಾತು."